ಬಾಗಿಲ ಹಿಂದಿನ ಲೆಕ್ಕ

ಪಣಜಿಯ ಪತ್ರಾಗಾರದಲ್ಲಿ ಹೆಂಡದಂಗಡಿಗಳಿಗೆಂದೇ
ಇಡೀ ಒಂದು ಕಪಾಟು. ಗೆದ್ದಲು ಓದಿ ಬಿಟ್ಟದ್ದನ್ನು
ನಾನು ಎರಡನೆಯವನಾಗಿ ಓದುತ್ತಿದ್ದೆ:
ಪರವಾನಗಿ ಸಂಖ್ಯೆ, ಊರು, ವಾಡೊ, ಕಟ್ಟಿದ ಸುಂಕ,
ಪೀಪಾಯಿ ಎಷ್ಟು, ಗಾಜಿನ ಬುಂಡೆ ಎಷ್ಟು,
ಒಡೆಯನ ಹೆಸರು.

ಕುಡ್ತರಿಯ ಒಂದು ತಾವೆರ್ನಕ್ಕೆ
ಮೂವತ್ತೊಂದು ವರ್ಷ ಒಬ್ಬನೇ ಒಡೆಯ,
ಸಾಂತಾನ್ ಕುಲಾಸು.
ಒಂದೇ ಸಹಿ, ಅದೇ ಕೊಂಕು, ಮಸಿ ಮಾತ್ರ ಬೇರೆ ಬೇರೆ.
ಎಂಥ ಶಿಸ್ತಿನ ಮನುಷ್ಯ ಎಂದು ಬರೆದುಕೊಂಡು
ಕೆಳಗೊಂದು ಗೆರೆಯೂ ಎಳೆದೆ.

"ಸಾಂತಾನನೇ?" ಲಿಬ್ರಾತಾ ನಕ್ಕಳು,
ಬಾಂಗಡೆಯ ಹೊಟ್ಟೆ ಸೀಳುತ್ತಿದ್ದವಳು, ಕೈ ನಿಲ್ಲಿಸದೆ.
"ಅಜ್ಜ ಹಡಗು ಹತ್ತಿದವ, ಮೊಂಬಾಸಾದಲ್ಲಿ ಇಳಿದ,
ಅಲ್ಲೇ ಒಣಗಿದ. ಅಂಗಡಿ ನಡೆಸಿದ್ದು ಅಜ್ಜಿ.
ಸಹಿಯೋ? ಅದು ಪಾದ್ರಿಯ ಅಡುಗೆಯವನದು,
ವರ್ಷಕ್ಕೊಂದು ಬಾಟಲಿ ಉರಾಕಿಗೆ."

ನನ್ನ ಎರಡು ವರ್ಷದ ಓದು
ಮೀನಿನ ಕರುಳಿನ ಜೊತೆ ಬಟ್ಟಲಿಗೆ ಬಿತ್ತು.

ಅಜ್ಜಿಯ ಹೆಸರು ಪಿಯೆದಾದ. ಓದು ಬರಹ ಇಲ್ಲ.
ಅಂಗೈಗೆ ಫೆಣಿ ಸುರಿದು, ಉಜ್ಜಿ, ಮೂಸಿದರೆ ಸಾಕು,
ಯಾವ ಗುಡ್ಡದ ಗೇರು, ಯಾರ ಭಟ್ಟಿ,
ದಾರಿಯಲ್ಲಿ ನೀರು ಬೆರೆಸಿದ್ದು ಯಾರು
ಎಲ್ಲ ಹೇಳುತ್ತಿದ್ದಳಂತೆ.
ಸಂಜೆ ಇಗರ್ಜಿಯ ಗಂಟೆಗೆ ಎಲ್ಲರ ಲೋಟ ಕೆಳಗಿಡಿಸಿ
ಗಂಟೆ ನಿಂತೊಡನೆ ತಾನೇ ಮೊದಲು ತುಂಬುತ್ತಿದ್ದಳಂತೆ.
ಅಂತೆಗಳಿಗೆ ಅಡಿಟಿಪ್ಪಣಿ ಇಲ್ಲ,
ನನ್ನ ಮಾರ್ಗದರ್ಶಕರು ಹೇಳುವುದು ಇದನ್ನೇ.

ಅವಳ ಪತ್ರಾಗಾರ ಬಾಗಿಲ ಹಿಂದೆ ಇದೆ.
ಹಲಸಿನ ಹಲಗೆ. ಒಳಮೈ ತುಂಬ ಮೊಳೆಯಲ್ಲಿ ಗೀಚಿದ್ದು.
ಸಾಲಗಾರನಿಗೊಂದು ಚಿತ್ರ, ಪಕ್ಕದಲ್ಲಿ ಗೀಟು,
ತೀರಿಸಿದರೆ ಅಡ್ಡಗೆರೆ.
ಕುಡುಗೋಲು ಅಂದರೆ ಸೇಂದಿ ಇಳಿಸುವವನು.
ಪಿಟೀಲು ಅಂದರೆ ಇಗರ್ಜಿಯ ಸಂಗೀತದ ಮಾಸ್ತರ.
ಟೊಪ್ಪಿಗೆ ಅಂದರೆ ಪೊಲೀಸ; ಅವನ ಮುಂದೆ ಗೀಟೇ ಗೀಟು,
ಅಡ್ಡಗೆರೆ ಹುಡುಕಿದರೂ ಸಿಗದು.

ಎಂಬತ್ತಾರರ ಇನಾಸ್ ಮಾಮ ಊರುಗೋಲಿನ ತುದಿಯಿಂದ
ಒಂದೊಂದನ್ನೇ ಮುಟ್ಟಿ ಹೇಳುತ್ತಾ ಬಂದ.
ಒಂಟಿ ಕೊಂಬಿನ ಎತ್ತಿನ ಮೇಲೆ ಕೋಲು ನಿಂತಿತು.
"ನನ್ನಪ್ಪ" ಎಂದ.
ಬಾಕಿ ಮೂರು ಎಣಿಸಿ, ಕಿಸೆ ತಡವಿ,
ಬೇರೆ ಮಾತು ತೆಗೆದ.

ಕೆಳಗೆ, ಬೆಕ್ಕು ಹೋಗಿಬರುವ ತೂತಿನ ಪಕ್ಕ, ಇನ್ನೊಂದು.
"ಅದು ಬಸವನಹುಳು. ಯಾರೋ ಘಾಟಿ,
ರೈಲುಹಳಿಗೆ ಜಲ್ಲಿ ಒಡೆಯಲು ಬಂದವ.
ಕುಡಿದರೂ ಮಾತಿಲ್ಲ. ನಿನ್ನ ಗುರುತೇನು ಅಂತ ಕೇಳಿದರೆ
ಮೊಳೆ ಇಸಕೊಂಡು ತಾನೇ ಗೀಚಿದ."

ಬಗ್ಗಿದೆ. ಮೊಬೈಲಿನ ಬೆಳಕು ಹಿಡಿದೆ.
ಬಸವನಹುಳು ಅಲ್ಲ.
ಳ.

ಯಾವ ಹೆಸರೂ ಅದರಿಂದ ಶುರುವಾಗುವುದಿಲ್ಲ.
ಯಾವ ಊರೂ ಇಲ್ಲ. ಮಾತೇ ಇಲ್ಲ.
ಅ ಆ ಇ ಈ ಎಂದು ರಾಗವೆಳೆದು ಕೂಗಿ ಕೂಗಿ
ಕಡೆಗೆ ಮುಟ್ಟುವ ಅಕ್ಷರ,
ಮುಟ್ಟಿದೊಡನೆ ಮಕ್ಕಳೆಲ್ಲ ಹೊರಗೆ ಓಡುವ ಅಕ್ಷರ.
ಅವನಿಗೆ ಅದೊಂದೇ ಉಳಿದಿತ್ತೋ,
ಹೆಸರು ಹೇಳಲು ಮನಸ್ಸಿರಲಿಲ್ಲವೋ.
ಪೋರ್ಚುಗೀಸ್ ಕಲಿತು, ಹಳೆಯ ರುಪಿಯಾದ ಲೆಕ್ಕ ಕಲಿತು
ಇಷ್ಟು ದೂರ ಬಂದವನು
ಒಂದನೇ ಇಯತ್ತೆಯ ನೆಲದ ಮೇಲೆ ಕೂತುಬಿಟ್ಟೆ.

ಮುಂದೆ ಏಳು ಗೀಟು. ಅಡ್ಡಗೆರೆ ಇಲ್ಲ.
ನಾನು ಕೊಡುತ್ತೇನೆ ಎಂದೆ, ಬೇಕಿದ್ದಕ್ಕಿಂತ ಜೋರಾಗಿ.
ಲಿಬ್ರಾತಾ ಕೈ ಒರೆಸಿಕೊಂಡು ಬಂದು ನಿಂತಳು.
"ಅದು ಅಜ್ಜಿಗೂ ಅವನಿಗೂ ಸೇರಿದ್ದು.
ನೀವು ಕುಡಿದದ್ದಕ್ಕೆ ಎಂಬತ್ತು ಕೊಡಿ.
ಬೆಳ್ಳುಳ್ಳಿ ಉಪ್ಪಿನಕಾಯಿಗೆ ಬೇಡ."

ಚಿಲ್ಲರೆ ಇರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.
ಮಡಗಾಂವಿನ ಕೊನೆಯ ಬಸ್ಸು ತಿರುವಿನಲ್ಲಿ
ಹಾರ್ನ್ ಹೊಡೆಯುತ್ತಿತ್ತು.
ಗೂಡಿನಿಂದ ಅವಳು ಮೊಳೆ ತೆಗೆದಳು,
ಮೈಯೆಲ್ಲ ತುಕ್ಕು, ತುದಿ ಮಾತ್ರ ಫಳಫಳ.
"ಗುರುತು ಏನು ಹಾಕಲಿ?"